ಪುಟ್ಟ ಕನ್ನಡಿಯ ಹಿಡಿ

ನಮ್ಮ ಮನೆಯವರು ದೋಣಿ ಕೊಂಡ ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಸಂಜೆಯ ಹೊತ್ತಿಗೆ ಮತ್ತೆ ಆಡಿದೆ, ಆ ವಿಷಯ ಬೇರೆ. ಮನೆಯಲ್ಲಿ ಇರುವವರೇ ಇಬ್ಬರು, ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರು ಗೋಡೆಯ ಜೊತೆ ಮಾತಾಡಬೇಕಾಗುತ್ತದೆ. ಆದರೆ ಆ ಬೆಳಗ್ಗೆ ದೋಣಿ ರಿಪೇರಿಯ ಅಂಗಳದಲ್ಲಿ ಅದನ್ನು ಮೊದಲ ಸಲ ನೋಡಿದಾಗ ನನಗೆ ನಿಜವಾಗಿಯೂ ಅಳು ಬಂದಿತ್ತು. ಫೈಬರ್‌ಗ್ಲಾಸಿನ ಹಾಯಿದೋಣಿ, ನಮ್ಮ ಮಗಳಿಗಿಂತ ಹಿರಿಯದು. ಒಂದು ಕಾಲದಲ್ಲಿ ಬೆಳ್ಳಗಿದ್ದಿರಬೇಕು, ಈಗ ಸಿಗರೇಟು ಸೇದುವವರ ಹಲ್ಲಿನ ಬಣ್ಣ. ನೆಲದಿಂದ ಎತ್ತಿ ಮರದ ಕಾಲುಗಳ ಮೇಲೆ ನಿಲ್ಲಿಸಿದ್ದರು. ಹಾಯಿ ಕಟ್ಟುವ ಕಂಬವನ್ನು ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದರು. ಏಣಿ ಹತ್ತಿ ಮೇಲೆ ಹೋದರೆ ಪಾರಿವಾಳಗಳು ಸಂಸಾರ ಹೂಡಿದ್ದವು.

ಇವರು ಜೇಬಿನಿಂದ ತಮ್ಮ ಹಳೆಯ ಕನ್ನಡಿ ತೆಗೆದರು. ಬಾಯೊಳಗೆ ನೋಡುವ, ಉದ್ದ ಉಕ್ಕಿನ ಹಿಡಿಯಿರುವ ಪುಟ್ಟ ಕನ್ನಡಿ. ಅದರ ಹಿಡಿಯಿಂದ ದೋಣಿಯ ಮೈಯನ್ನು ಅಲ್ಲಲ್ಲಿ ಟಕ್ ಟಕ್ ಅಂತ ಬಡಿದು, ಕತ್ತು ವಾರೆ ಮಾಡಿ ಕೇಳಿಸಿಕೊಂಡರು.

"ಮೇಲೆ ಹಾಳಾಗಿದೆ, ಬೇರು ಗಟ್ಟಿಯಿದೆ ಕಣೇ," ಅಂದರು.

ಇವರು ಹಲ್ಲಿನ ಡಾಕ್ಟರು. ಆಗಿದ್ದರು. ನಾನು ಅವರ ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ನಿಂತು ಸಾಮಾನು ಕೊಡುವವಳು. ಮದುವೆಗೆ ಮೊದಲೇ ಆ ಕೆಲಸಕ್ಕೆ ಸೇರಿದ್ದೆ, ಮದುವೆಯಾದ ಮೇಲೆ ಸಂಬಳ ನಿಂತದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ. ರೋಗಿಗಳೆದುರು ಇವರನ್ನು 'ಡಾಕ್ಟ್ರೇ' ಅನ್ನುತ್ತಿದ್ದೆ, ಮನೆಯಲ್ಲೂ ಅದೇ ಉಳಿಯಿತು.

ಕ್ಲಿನಿಕ್ಕಿನಲ್ಲಿ ನಮ್ಮಿಬ್ಬರ ನಡುವೆ ಒಂದು ಪದ್ಧತಿಯಿತ್ತು. ಕೂತು ಮಾತಾಡಿ ಮಾಡಿಕೊಂಡದ್ದಲ್ಲ, ತಾನಾಗಿ ಬೆಳೆದದ್ದು. ಬಾಯಿ ತೆರೆದುಕೊಂಡು ಮಲಗಿದ ಮನುಷ್ಯನಿಗೆ ಮೈಯೆಲ್ಲ ಕಿವಿ. ಅವನ ತಲೆಯ ಮೇಲೆ ನಿಂತು 'ಇನ್ನೂ ಹುಳುಕು ಉಳಿದಿದೆ ಡಾಕ್ಟ್ರೇ' ಅಂದರೆ ಅವನು ಕುರ್ಚಿಯಿಂದ ಎದ್ದು ಓಡುತ್ತಾನೆ. ಅದಕ್ಕೆ ನನಗೆ ಅನುಮಾನ ಬಂದಾಗ ನಾನು ಬಾಯಿ ಬಿಡುತ್ತಿರಲಿಲ್ಲ. ಇವರು ತಲೆಯೆತ್ತದೆ ಸಿಮೆಂಟಿಗೆ ಕೈ ಚಾಚುವರು. ನಾನು ಸಿಮೆಂಟಿನ ಬದಲು ಕನ್ನಡಿಯನ್ನು ಮತ್ತೆ ಆ ಅಂಗೈಗೆ ಇಡುವೆ. ಅಷ್ಟೇ. ಇವರು ಇನ್ನೊಮ್ಮೆ ನೋಡುವರು, ಹಿಡಿಯಿಂದ ಹಲ್ಲನ್ನು ಬಡಿಯುವರು. ಬಹಳಷ್ಟು ಸಲ ಹುಳುಕು ಎಲ್ಲೋ ಮೂಲೆಯಲ್ಲಿ ಅಡಗಿ ಕೂತಿರುತ್ತಿತ್ತು. ಆಮೇಲೆ ಆ ಬಗ್ಗೆ ಇವರೂ ಮಾತೆತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಇವರ ಕೈ ನಡುಗುವುದನ್ನು ಮೊದಲು ಕಂಡವಳೂ ನಾನೇ. ಮೊದಮೊದಲು ಟೀ ಕಪ್ಪಿನಲ್ಲಿ ಕಂಡಿತು, ಆಮೇಲೆ ಷರ್ಟಿನ ಗುಂಡಿಯಲ್ಲಿ. ಒಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಒಬ್ಬ ಶಾಲೆಯ ಮೇಷ್ಟರು ಬಾಯಿ ತೆರೆದು ಮಲಗಿದ್ದರು. ಡಾಕ್ಟ್ರು ಡ್ರಿಲ್ಲಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಡ್ರಿಲ್ಲನ್ನು ಎದೆಗವಚಿಕೊಂಡು ನಿಂತುಬಿಟ್ಟೆ. ಇವರು ತಮ್ಮ ಚಾಚಿದ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು, ನನ್ನ ಮುಖ ನೋಡಿದರು, ಮಾಸ್ಕು ಕೆಳಗಿಳಿಸಿ, "ಇವತ್ತು ಬೇಡ ಸರ್. ನಿಮಗೆ ಬೇರೆ ಒಳ್ಳೆ ಡಾಕ್ಟರ ಹತ್ರ ಹೇಳ್ತೀನಿ," ಅಂದರು. ಇವರು ಆ ಕುರ್ಚಿಯ ಪಕ್ಕ ನಿಂತದ್ದು ಅದೇ ಕೊನೆ.

ನಾನು ಮಾಡಿದ್ದು ಸರಿಯೇ. ಇವತ್ತಿಗೂ ಹಾಗೇ ಅನ್ನುತ್ತೇನೆ. ಆದರೆ ಆಮೇಲಿನ ತಿಂಗಳುಗಳನ್ನು ನೋಡಿದವಳೂ ನಾನೇ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಸೋಫಾದ ಮೇಲೆ ಕೂತಿರುತ್ತಿದ್ದರು. ಯಾರಾದರೂ ಬಂದರೆ ಟೀ ಮುಟ್ಟುತ್ತಿರಲಿಲ್ಲ, 'ಈಗ ತಾನೆ ಆಯ್ತು' ಅನ್ನುತ್ತಿದ್ದರು. ಟಿವಿಯಲ್ಲಿ ಏನು ಬರುತ್ತಿದೆ ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಆ ಹಲ್ಲುಹುಳುಕು ಬಣ್ಣದ ದೋಣಿಯ ಬಗ್ಗೆ ನಾನು ಹೆಚ್ಚು ಜಗಳ ಮಾಡಲಿಲ್ಲ.

ಆ ದೋಣಿ ರಿಪೇರಿಯ ಅಂಗಳ ನೋಡಿಕೊಳ್ಳುವವನನ್ನು ಎಲ್ಲರೂ ಆಮೇಲಪ್ಪ ಅನ್ನುತ್ತಿದ್ದರು. ನೀರಿನ ನಲ್ಲಿ ಸರಿ ಮಾಡಪ್ಪ ಅಂದರೆ 'ಆಮೇಲೆ', ಏಣಿ ತಂದುಕೊಡಪ್ಪ ಅಂದರೆ 'ಆಮೇಲೆ'. ನಾವೇ ಒಂದು ಏಣಿ ಕೊಂಡುಕೊಂಡೆವು. ದಿನಾ ಬೆಳಗ್ಗೆ ಹೋಗುವುದು, ಸಂಜೆ ಮೈತುಂಬ ಬಿಳಿ ಪುಡಿ ಬಳಿದುಕೊಂಡು ಬರುವುದು. ಹಳೆಯ ಬಣ್ಣವನ್ನು ಉಜ್ಜಿ ಉಜ್ಜಿ ತೆಗೆದೆವು. ಇಬ್ಬರೂ ಮಾಸ್ಕು ಹಾಕಿಕೊಂಡು, ಮುಖಕ್ಕೆ ಮುಖ ಹತ್ತಿರ ಇಟ್ಟುಕೊಂಡು ಕೆಲಸ ಮಾಡುವಾಗ ಕ್ಲಿನಿಕ್ಕೇ ವಾಪಸು ಬಂದ ಹಾಗಿತ್ತು. ಒಂದು ದಿನ ಇವರು ಉಜ್ಜುತ್ತಾ ಉಜ್ಜುತ್ತಾ ನಿಲ್ಲಿಸಿ, ನಡುಗುವ ಕೈಯನ್ನು ನನ್ನ ಮುಂದೆ ಹಿಡಿದು, "ನೋಡು, ಈ ಕೆಲಸಕ್ಕೆ ಇದೇ ಚೆನ್ನ. ಪುಕ್ಕಟೆ ಮಿಷನ್ನು," ಅಂದರು. ನಾನು ನಕ್ಕೆ. ಆಮೇಲೆ ಏಣಿ ಇಳಿದು ದೋಣಿಯ ಹೊಟ್ಟೆಯ ಕೆಳಗೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವತ್ತು ಇವರು ಆಮೇಲಪ್ಪನ ಎದುರಿಗೇ ಟೀ ಕುಡಿದರು. ಒಂದಿಷ್ಟು ಚೆಲ್ಲಿತು. ಇವರು ತಲೆ ಕೆಡಿಸಿಕೊಳ್ಳಲಿಲ್ಲ.

ನಾವು ಎಡವಿದ್ದು ಡೆಕ್ಕಿನಲ್ಲಿ. ಡೆಕ್ಕು ಅಂದರೆ ನಾವು ನಡೆದಾಡುವ ಮೇಲ್ಭಾಗ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸಿನ ಪದರ, ನಡುವೆ ಹಗುರ ಮರದ ತುಂಡುಗಳು, ಸ್ಯಾಂಡ್‌ವಿಚ್ಚಿನ ಹಾಗೆ. ಡೆಕ್ಕಿನ ಎರಡೂ ಬದಿಗೆ ಉಕ್ಕಿನ ಕೊಂಡಿಗಳನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಹಾಯಿಕಂಬವನ್ನು ಬೀಳದ ಹಾಗೆ ಹಿಡಿದಿರುವ ತಂತಿಗಳೆಲ್ಲ ಆ ಕೊಂಡಿಗಳಿಗೇ ಬಿಗಿದಿರುತ್ತವೆ. ಬಲಗಡೆಯ ಕೊಂಡಿಯ ಸುತ್ತ ಎಷ್ಟೋ ಮಳೆಗಾಲಗಳ ನೀರು ಇಳಿದು ನಡುವಿನ ಮರ ಕೊಳೆತಿತ್ತು. ಇವರು ಅಲ್ಲಿ ಬಡಿದು ನೋಡಿ, "ಫಿಲ್ಲಿಂಗು ಮಾಡಬೇಕು," ಅಂದರು. ಇಬ್ಬರಿಗೂ ಖುಷಿಯೇ ಆಯಿತು. ಅಷ್ಟೂ ದೋಣಿಯಲ್ಲಿ ನಮಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಅದೊಂದೇ.

ಹಲ್ಲಿಗೆ ಮಾಡುವ ಹಾಗೇ ಮಾಡಿದೆವು. ಗಟ್ಟಿ ಭಾಗ ಕೆಡದ ಹಾಗೆ ಬಾಯಿ ಆದಷ್ಟು ಚಿಕ್ಕದಾಗಿ ಕೊರೆದು, ಕಪ್ಪಗಾದದ್ದನ್ನು ಕೆರೆದು ತೆಗೆದು, ಗಾಳಿ ಊದಿ ಒಣಗಿಸಿ, ಅವತ್ತೇ ತುಂಬಿ, ಅವತ್ತೇ ಮುಚ್ಚಿದೆವು. ಗಾಳಿ ಊದಿದ್ದು ನನ್ನ ಹೇರ್ ಡ್ರೈಯರಿನಿಂದ. ತುಂಬಿದ್ದು ರೆಸಿನ್ ಅನ್ನುವ, ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟನ್ನು ಕಲಸಿ. ರೋಗಿಯನ್ನು ಬಾಯಿ ತೆರೆಸಿಕೊಂಡು ತಿಂಗಳುಗಟ್ಟಲೆ ಕೂರಿಸಲು ಆಗುತ್ತದೆಯೇ? ಕೂರಿಸಬೇಕು ಅಂತ ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಮರ ಹಲ್ಲಲ್ಲ, ನೀರನ್ನು ಕುಡಿದು ಒಳಗೊಳಗೇ ದೂರಕ್ಕೆ ಸಾಗಿಸಿರುತ್ತದೆ, ಅಗಲವಾಗಿ ಬಿಚ್ಚಿ ವಾರಗಟ್ಟಲೆ ಬಿಸಿಲಿಗೆ ಬಿಡಬೇಕು ಅನ್ನುವುದು ಯೋಚನೆಗೇ ಬರಲಿಲ್ಲ. ಮೇಲೆ ಬಣ್ಣ ಬಳಿದಾಗ ಎಲ್ಲಿ ಕೊರೆದಿದ್ದೆವು ಅಂತ ಕೂಡ ಗೊತ್ತಾಗದಷ್ಟು ನುಣುಪಾಗಿತ್ತು. ಇವರು ಅದರ ಮೇಲೆ ಬೆರಳಾಡಿಸಿ, "ಇನ್ನು ಧೈರ್ಯವಾಗಿ ಅಗೀಬಹುದು," ಅಂದರು.

ದೋಣಿ ನೀರಿಗಿಳಿಸುವುದಕ್ಕೆ ಒಂದು ವಾರ ಇರುವಾಗ ನಾನು ಒಬ್ಬಳೇ ಮೇಲೆ ಹತ್ತಿ ಡೆಕ್ಕು ಒರೆಸುತ್ತಿದ್ದೆ. ಬಲಗಡೆಯ ಕೊಂಡಿಯ ಪಕ್ಕ ಇವರ ಕನ್ನಡಿ ಬಿದ್ದಿತ್ತು. ಮರೆತು ಬಿಟ್ಟುಹೋಗಿದ್ದಾರೆ ಅಂದುಕೊಂಡು ಎತ್ತಿಕೊಂಡೆ. ಎತ್ತಿಕೊಂಡವಳು ಸುಮ್ಮನಿರಬಾರದೇ? ಕೈಚಪಲಕ್ಕೆ ಹಿಡಿಯಿಂದ ಬಡಿದೆ. ಎಡಗಡೆ ಟಕ್, ಮುಂದೆ ಟಕ್, ಹಿಂದೆ ಟಕ್. ಬಲಗಡೆಯ ಕೊಂಡಿಯ ಸುತ್ತ ದಬ್. ನಾವು ತುಂಬಿದ ಜಾಗವನ್ನು ದಾಟಿ ಒಂದು ಮೊಳದಷ್ಟು ದೂರಕ್ಕೂ ದಬ್ ದಬ್. ಬಗ್ಗಿ ನೋಡಿದರೆ ಕೊಂಡಿಯ ಬುಡದಲ್ಲಿ, ಹೊಸ ಬಿಳಿ ಬಣ್ಣದ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಕಂದು ನೀರು ಒಸರಿತ್ತು. ಒಸಡಿನಲ್ಲಿ ಕೀವು ಒಸರುವ ಹಾಗೆ. ಬಟ್ಟೆಯಲ್ಲಿ ಒರೆಸಿದೆ. ಮಾರನೆಯ ದಿನ ಮತ್ತೆ ಬಂದಿತ್ತು.

ಕನ್ನಡಿಯನ್ನು ಚೀಲದಲ್ಲಿ ಹಾಕಿಕೊಂಡೆ, ವಾಪಸು ಕೊಡಲಿಲ್ಲ. ಕೊಟ್ಟರೆ ನಮ್ಮ ಪದ್ಧತಿಯ ಪ್ರಕಾರ ಅದಕ್ಕೆ ಒಂದೇ ಅರ್ಥ. ಒಂದು ಸಲ ಇವರ ಕೈಯಿಂದ ಕೆಲಸ ಕಿತ್ತುಕೊಂಡವಳು ನಾನು, ಇನ್ನೊಂದು ಸಲ ಹೇಗೆ ಕಿತ್ತುಕೊಳ್ಳಲಿ? ಮತ್ತೆ ಆ ಸೋಫಾ, ತೊಡೆಯ ಕೆಳಗೆ ಆ ಕೈಗಳು. ಆದರೆ ಗಾಳಿ ಜೋರಾಗಿ ಬೀಸಿ, ಆ ಕೊಂಡಿ ಕಿತ್ತು ಬಂದು, ಕಂಬ ಇವರ ತಲೆಯ ಮೇಲೆ ಬಿದ್ದರೆ? ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಮನೆಯಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿಯತೊಡಗಿದೆ. ಕಪಾಟಿನ ಬಾಗಿಲು, ಬಚ್ಚಲ ಗೋಡೆ, ಬ್ರೆಡ್ಡಿನ ಡಬ್ಬಿ. ಎಲ್ಲವೂ ದಬ್ ಅಂದ ಹಾಗೇ ಕೇಳುತ್ತಿತ್ತು.

"ಏನೇ ಅದು, ಮನೆಗೆ ಹುಳುಕು ಹಿಡಿದಿದ್ಯಾ?" ಅಂತ ಇವರು ಒಂದು ಬೆಳಗ್ಗೆ ಕೇಳಿದರು. ಕೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಜಿರಲೆ," ಅಂದೆ.

ಇವರು ತಲೆಯಾಡಿಸಿ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಹೊರಟರು. ಆ ನೋಟ ಏನು ಕೇಳುತ್ತಿತ್ತು ಅನ್ನುವುದು ನನಗೆ ಆಗ ತಲೆಗೆ ಹೋಗಲಿಲ್ಲ.

ವಾರದ ಕೊನೆಗೆ ಮಗಳು ರಜೆ ಹಾಕಿ ಬಂದಳು. ಕಾಲೇಜಿನಲ್ಲಿ ಹಾಯಿದೋಣಿ ನಡೆಸಲು ಕಲಿತವಳು ಅವಳು. ಅಪ್ಪ ಮಗಳು ಇಬ್ಬರೇ ದೋಣಿಯನ್ನು ಕಡಲ ದಡ ಹಿಡಿದು ಪಕ್ಕದ ಬಂದರಿಗೆ ಒಯ್ಯುವುದು, ನಾನು ಬಸ್ಸಿನಲ್ಲಿ ಹೋಗಿ ಅಲ್ಲಿ ಕಾಯುವುದು ಅಂತ ತೀರ್ಮಾನವಾಗಿತ್ತು. ಅಡುಗೆಮನೆಯಲ್ಲಿ ಅವಳು ಫ್ಲಾಸ್ಕು ತೊಳೆಯುತ್ತಿದ್ದಾಗ ಮೆಲ್ಲಗೆ ಮಾತು ತೆಗೆದೆ.

"ಗಾಳಿ ಜೋರಿರುತ್ತಂತೆ ಕಣೇ ಮರಿ. ಇನ್ನೊಂದು ತಿಂಗಳು ಬಿಟ್ಟು ಹೋದರೆ ಆಗಲ್ವಾ?"

"ಅಮ್ಮ, ನಾನು ಮೊದಲ ಸಲ ಸೈಕಲ್ ಹತ್ತಿದಾಗಲೂ ನೀನು ಇದೇ ಮಾತು ಹೇಳಿದ್ದೆ." ನಕ್ಕಳು. ಆಮೇಲೆ ಫ್ಲಾಸ್ಕನ್ನು ಬೋರಲು ಹಾಕಿ, ದನಿ ತಗ್ಗಿಸಿ, "ಅಪ್ಪ ನಿನ್ನೆ ಸಂಜೆ ಪಕ್ಕದ ಮನೆಯವರಿಗೆಲ್ಲ ಟೀ ಮಾಡಿಕೊಟ್ಟರಂತೆ. ಅವರೇ ಟ್ರೇ ಹಿಡಿದುಕೊಂಡು ಹೋಗಿ. ನಿಜಾನಾ?" ಅಂದಳು.

"ಹೂಂ."

"ಆ ದೋಣಿಗೆ ನೂರು ವರ್ಷ ಆಯಸ್ಸಿರಲಿ," ಅಂದಳು.

ನಾನು ಫ್ಲಾಸ್ಕು ಒರೆಸಿ ಅವಳ ಚೀಲಕ್ಕೆ ಹಾಕಿದೆ. ಕೊಂಡಿಯ ಮಾತು ಎತ್ತಲಿಲ್ಲ.

ಇಳಿಸುವ ದಿನ ಬೆಳಗ್ಗೆ ಅಂಗಳಕ್ಕೆ ಹೋಗುವಷ್ಟರಲ್ಲಿ ಕ್ರೇನು ಬಂದು ನಿಂತಿತ್ತು. ದೋಣಿಯ ಹೊಟ್ಟೆಯ ಕೆಳಗೆ ಅಗಲ ಬೆಲ್ಟುಗಳನ್ನು ತೂರಿಸಿದ್ದರು. ದೋಣಿ ನೀರಿಗಿಳಿದ ಮೇಲೆ ಅದೇ ಕ್ರೇನು ಕಂಬವನ್ನೂ ಎತ್ತಿ ನಿಲ್ಲಿಸುವುದಿತ್ತು. ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಕೆಳಗೆ ನಿಂತಿದ್ದಳು. ಇವರು ಮೇಲೆ, ಬಲಗಡೆಯ ಕೊಂಡಿಯ ಪಕ್ಕವೇ ಮೊಣಕಾಲೂರಿ ಕೂತು ಬೋಲ್ಟುಗಳನ್ನು ಕೊನೆಯ ಸಲ ಬಿಗಿ ಮಾಡುತ್ತಿದ್ದರು. ನಾನು ಏಣಿ ಹತ್ತಿ ಅವರ ಹಿಂದೆ ನಿಂತೆ. ಕೊಂಡಿಯ ಬುಡದಲ್ಲಿ ಸಾಸಿವೆ ಕಾಳು ಇವತ್ತೂ ಇತ್ತು.

"ಅಮ್ಮಾ, ಇಳೀರಿ, ಉಬ್ಬರದ ನೀರು ಏರಿದೆ, ಅದು ಇಳಿಯೋದರೊಳಗೆ ದೋಣಿ ಬಿಡಬೇಕು," ಅಂತ ಆಮೇಲಪ್ಪ ಕೆಳಗಿನಿಂದ ಕೂಗಿದ.

"ಆಮೇಲೆ ಬಿಟ್ಟರೆ ಆಗಲ್ವೇನಪ್ಪ?"

"ಆಮೇಲೆ ಅನ್ನೋ ಮಾತೇ ಇಲ್ಲ. ಈಗಂದ್ರೆ ಈಗಲೇ."

ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ಅವಸರವಾದದ್ದು ಅದೊಂದೇ ಸಲ ಇರಬೇಕು, ಅದೂ ನನ್ನ ಕರ್ಮಕ್ಕೆ. ಕ್ರೇನಿನವನು ಇಂಜಿನ್ನು ಶುರು ಮಾಡಿದ. ಕಾಲ ಕೆಳಗೆ ಡೆಕ್ಕು ಸಣ್ಣಗೆ ಅದುರಿತು. ಕೆಳಗೆ ಮಗಳು ಕೂದಲು ಎತ್ತಿ ಕಟ್ಟಿಕೊಳ್ಳುತ್ತಿದ್ದಳು.

ಇವರು ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದರು. "ದೊಡ್ಡ ಸ್ಪ್ಯಾನರ್," ಅಂದರು. ಅಂಗೈ ಮೇಲ್ಮುಖವಾಗಿ, ಬೆರಳು ಸ್ವಲ್ಪ ಮಡಿಸಿ, ಕ್ಲಿನಿಕ್ಕಿನಲ್ಲಿ ಚಾಚುತ್ತಿದ್ದ ಹಾಗೇ. ಸ್ಪ್ಯಾನರು ನನ್ನ ಕಾಲ ಬಳಿಯೇ ಇತ್ತು. ನಾನು ಚೀಲದಿಂದ ಕನ್ನಡಿ ತೆಗೆದು ಆ ಅಂಗೈಗೆ ಇಟ್ಟೆ.

ಅವರ ಬೆರಳು ಅದರ ಮೇಲೆ ಮುಚ್ಚಿತು. ನೋಡಬೇಕಾದ ಅಗತ್ಯವೇ ಇರಲಿಲ್ಲ, ತೂಕದಲ್ಲೇ ಗೊತ್ತಾಗಿರಬೇಕು. ಅವರು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ, ಮತ್ತೆ ಸೋಫಾ ಹಿಡಿದು ಕೂತರೂ ಪಕ್ಕದಲ್ಲಿ ಕೂರುತ್ತೇನೆ, ಇವತ್ತು ಈ ದೋಣಿ ಮಾತ್ರ ಇಳಿಯಬಾರದು ಅಂದುಕೊಂಡು ನಾನು ಹಲ್ಲು ಕಚ್ಚಿ ಕಾದೆ.

"ಅಂದ್ರೆ ನನ್ನ ಕೈ ಅಲ್ಲ," ಅಂದರು.

"ಏನು?"

"ವಾರದ ಹಿಂದೆ ಇಲ್ಲಿ ಬಡಿದೆ. ಶಬ್ದ ಬೇರೆ ಥರ ಕೇಳಿಸ್ತು. ಇನ್ನೊಂದು ಸಲ ಬಡಿದೆ, ಇನ್ನೊಂದು ಥರ. ಕೈ ನಡುಗಿದರೆ ಏಟೂ ಒಂದೇ ಸಮ ಬೀಳಲ್ಲ. ದೋಣಿ ಹಾಗಂತಿದೆಯೋ, ನನ್ನ ಕೈ ಹಾಗನ್ನಿಸ್ತಿದೆಯೋ ತಿಳೀಲಿಲ್ಲ." ಇವರು ಈಗ ನನ್ನ ಕಡೆ ತಿರುಗಿದರು. "ನಿನಗೆ ಸಿಗಲಿ ಅಂತಲೇ ಕನ್ನಡಿ ಇಲ್ಲಿ ಬಿಟ್ಟು ಹೋದೆ. ನೀನು ತೊಗೊಂಡೆ. ವಾಪಸ್ ಕೊಡಲಿಲ್ಲ. ಸರಿ, ಹಾಗಿದ್ರೆ ಎಲ್ಲ ಗಟ್ಟಿಯಿದೆ ಅಂದುಕೊಂಡೆ."

ನನಗೆ ಕೋಪ ಬಂತು. "ಅಷ್ಟು ಅನುಮಾನ ಇಟ್ಟುಕೊಂಡು ಮಗಳನ್ನ ಕೂರಿಸಿಕೊಂಡು ಹೊರಟಿದ್ರಾ ಡಾಕ್ಟ್ರೇ? ಬಾಯಿಬಿಟ್ಟು ಒಂದು ಮಾತು ಕೇಳೋಕೆ ಏನಾಗಿತ್ತು?"

"ನೀನು ಸುಮ್ಮನಿದ್ದೆಯಲ್ಲ," ಅಂದರು ಇವರು. ದನಿಯಲ್ಲಿ ದೂರು ಇರಲಿಲ್ಲ, ಆಶ್ಚರ್ಯ ಇತ್ತು. "ನೀನು ಸುಮ್ಮನಿದ್ದೀಯ ಅಂದ್ರೆ ಸರಿಯಿದೆ ಅಂತಲೇ ಅಲ್ವಾ ನಾನು ಇಷ್ಟು ವರ್ಷ ಜನರ ಬಾಯಿಗೆ ಕೈ ಹಾಕಿದ್ದು?"

ಇವರ ಮೇಲಿನ ಕನಿಕರಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇವರು ಆ ಬೀಗವನ್ನೇ ನೆಚ್ಚಿಕೊಂಡು ಮಗಳನ್ನು ಕಡಲಿಗೆ ಕರೆದೊಯ್ಯಲು ಹೊರಟಿದ್ದರು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಹೊರಟೇ ಹೋಗಿರುತ್ತಿದ್ದರು, ನಾನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹುಡುಕುತ್ತಿರುತ್ತಿದ್ದೆ.

"ಹೇಳೋಕೆ ಹೆದರಿಕೆ ಆಯ್ತು," ಅಂದೆ. "ಮತ್ತೆ ನೀವು ಆ ಸೋಫಾ..."

"ಗೊತ್ತಾಯ್ತು ಬಿಡು." ಇವರು ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷದಲ್ಲಿ ಇವರು ನನಗೆ ಸಾಮಾನು ಕೊಟ್ಟದ್ದು ಅದೇ ಮೊದಲು. "ನೀನೇ ಬಡಿ. ನಾನು ಕೇಳ್ತೀನಿ."

ಬಗ್ಗಿ ಬಡಿದೆ. ದಬ್. ಒಂದು ಗೇಣು ಮುಂದೆ ದಬ್. ಇನ್ನೂ ಮುಂದೆ ದಬ್. ಇವರು ಕತ್ತು ವಾರೆ ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಎದ್ದು ಡೆಕ್ಕಿನ ಅಂಚಿಗೆ ಹೋಗಿ ಕ್ರೇನಿನವನಿಗೆ ಕೈ ಅಡ್ಡ ಆಡಿಸಿದರು. ಕೈ ಚೆನ್ನಾಗಿಯೇ ನಡುಗುತ್ತಿತ್ತು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿದ್ದರು.

"ಇವತ್ತು ಆಗಲ್ಲಪ್ಪ. ಒಳಗೆ ಕೊಳೆತಿದೆ, ಮತ್ತೆ ಬಿಚ್ಚಬೇಕು."

ಆಮೇಲಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. "ಮತ್ತೆ ಯಾವಾಗ ಸಾರ್?"

"ಆಮೇಲೆ," ಅಂದರು ಇವರು.

ಮಗಳು ಚೀಲ ಕೆಳಗಿಟ್ಟು ಏಣಿ ಹತ್ತಿ ಬಂದಳು. ನಮ್ಮಿಬ್ಬರ ಮುಖ ನೋಡಿ ಏನನ್ನೂ ಕೇಳದೆ ಪಕ್ಕದಲ್ಲಿ ಕೂತಳು. ಇವರು ಪೆಟ್ಟಿಗೆಯಿಂದ ಡ್ರಿಲ್ಲು ಎತ್ತಿದರು. ಒಂದು ಗಳಿಗೆ ಅದನ್ನು ತಮ್ಮ ಕೈಯಲ್ಲೇ ಹಿಡಿದು ನೋಡಿ, ಕನ್ನಡಿಯನ್ನು ತಾವು ತೆಗೆದುಕೊಂಡು ಡ್ರಿಲ್ಲನ್ನು ನನ್ನ ಕೈಗೆ ಇಟ್ಟರು. ಮೊನೆಯನ್ನು ಹೊಸ ಬಣ್ಣಕ್ಕೆ ಒತ್ತಿ ಕೊರೆದೆ. ಬಿಳಿ ಪುಡಿ ಬಂತು, ಆಮೇಲೆ ಕಪ್ಪು ಪುಡಿ, ಆಮೇಲೆ ಕೊಳೆತ ಎಲೆಯ ವಾಸನೆಯ ಕಂದು ನೀರು. ಅದು ತೂತಿನಿಂದ ಉಕ್ಕಿ ಡೆಕ್ಕಿನ ಮೇಲೆ ಹರಿಯಿತು. ಮಗಳು ಆ ನೀರನ್ನೂ ಅದರ ಪಕ್ಕದ ಕೊಂಡಿಯನ್ನೂ ನೋಡಿದಳು. ನೋಡಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಇವರು ಪಕ್ಕದಲ್ಲಿ ಬಗ್ಗಿ ಬಟ್ಟೆಯಿಂದ ನೀರು ಹೀರಿಸುತ್ತಿದ್ದರು, ನಾನು ಇವರ ರೋಗಿಗಳಿಗೆ ಮಾಡುತ್ತಿದ್ದ ಹಾಗೆ. ನೀರು ನಿಂತಿತು. ಇಷ್ಟೇ ಇರಬೇಕು, ಇನ್ನು ಬಿಸಿಲಿಗೆ ಬಿಟ್ಟರಾಯಿತು ಅನ್ನಿಸಿ ನಾನು ಒಣಬಟ್ಟೆಗೆ ಕೈ ಚಾಚಿದೆ, ತಿರುಗಿ ನೋಡದೆ.

ಅಂಗೈಗೆ ಬಿದ್ದದ್ದು ಕನ್ನಡಿ. ನಾನು ಅದರ ಹಿಡಿಯಿಂದ ಬಡಿಯುತ್ತಾ ಮುಂದಕ್ಕೆ ಸರಿದೆ.